ತಾಲ್ಲೂಕಿಗೊಂದು ಪೋಷಕರ ಕೂಟ ಬೇಕು: ಸಚಿವರಿಗೆ ಬಹಿರಂಗ ಪತ್ರ

ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ, ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಖಾತೆಯ ಮಾನ್ಯ ಸಚಿವರೇ,

ಬೆಂಗಳೂರಿನ ನಿಮ್ಹಾನ್ಸ್‌ನಲ್ಲೋ, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೋ, ಧಾರವಾಡದ ಡಿಮ್ಹಾನ್ಸ್‌ನಲ್ಲೋ ತಜ್ಞರು ಮಗುವನ್ನು ಪರೀಕ್ಷಿಸಿ, ಆಟಿಸಂ ಇದೆ ಎಂದು ತಿಳಿಸಿ, ಏನೇನು ಮಾಡಬೇಕೆಂದು ಬರೆದುಕೊಡುತ್ತಾರೆ. ಆ ಕಾಗದ ಹಿಡಿದು ದೇವದುರ್ಗಕ್ಕೋ ಹನೂರಿಗೋ ವಾಪಸಾದ ತಂದೆತಾಯಿ ಮಾರನೆಯ ದಿನದಿಂದ ಯಾರನ್ನು ಕೇಳಬೇಕು ಎಂಬುದೇ ಈ ಪತ್ರದ ವಿಷಯ. ದೊಡ್ಡ ಆಸ್ಪತ್ರೆ ಕಟ್ಟಿಸಿ ಎಂದು ನಾನು ಕೇಳುತ್ತಿಲ್ಲ. ರಾಜ್ಯದ ಪ್ರತಿ ತಾಲ್ಲೂಕಿನಲ್ಲೂ ಇಂಥ ಮಕ್ಕಳ ತಂದೆತಾಯಿ ತಿಂಗಳಿಗೊಮ್ಮೆ ಒಂದೆಡೆ ಸೇರುವಂತಾಗಬೇಕು. ತರಬೇತಿ ಪಡೆದ ಒಬ್ಬರು ಆ ಕೂಟವನ್ನು ನಡೆಸಿಕೊಡಬೇಕು, ಅದರ ಹೊಣೆಯನ್ನು ಸರ್ಕಾರ ಹೊರಬೇಕು. ಇದಕ್ಕೆ ಬೇಕಾದ ಜನರಲ್ಲಿ ಬಹುಪಾಲು ಈಗಾಗಲೇ ತಮ್ಮ ಖಾತೆಯಲ್ಲೇ ಕೆಲಸ ಮಾಡುತ್ತಿದ್ದಾರೆ. ಹಾಗಾಗಿಯೇ ಪತ್ರವನ್ನು ತಮಗೆ ಬರೆಯುತ್ತಿದ್ದೇನೆ.

ಕಾನೂನಿನ ಮಟ್ಟಿಗೆ ಕೊರತೆ ಇಲ್ಲ. 1995ರ ಅಂಗವಿಕಲರ ಕಾಯ್ದೆಯಲ್ಲಿ ಆಟಿಸಂನ ಹೆಸರೇ ಇರಲಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಅದನ್ನು ಸೇರಿಸಿಕೊಂಡಿತು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಂ ಕೂಡ ಒಂದು. ಪ್ರಮಾಣಪತ್ರ, ಅಂಗವಿಕಲರ ಯುಡಿಐಡಿ ಗುರುತಿನ ಕಾರ್ಡು, ಒಂದು ಲಕ್ಷ ರೂಪಾಯಿವರೆಗಿನ ನಿರಾಮಯ ವಿಮೆ, ಶಾಲೆಯಲ್ಲಿ ಸಮನ್ವಯ ಶಿಕ್ಷಣ ಎಲ್ಲವೂ ಕಾಗದದ ಮೇಲಿವೆ. ಆದರೆ ಒಂದಕ್ಕೆ ಜಿಲ್ಲಾಸ್ಪತ್ರೆಗೆ ಹೋಗಬೇಕು, ಇನ್ನೊಂದಕ್ಕೆ ನೋಂದಾಯಿತ ಸಂಸ್ಥೆಯೊಂದನ್ನು ಹುಡುಕಬೇಕು, ಮತ್ತೊಂದಕ್ಕೆ ಬಿಇಒ ಕಚೇರಿಗೆ ಅಲೆಯಬೇಕು. ನಿರಾಮಯ ವಿಮೆಯಲ್ಲಿ ಥೆರಪಿಯ ಖರ್ಚೂ ಸಿಗುತ್ತದೆ ಎಂಬುದನ್ನು ಒಬ್ಬ ತಾಯಿಗೆ ಹೇಳಬಲ್ಲವರು ಸಾಮಾನ್ಯವಾಗಿ ಅದನ್ನು ಪಡೆದುಕೊಂಡ ಇನ್ನೊಬ್ಬ ತಾಯಿಯೇ. ಅವರಿಬ್ಬರೂ ಒಂದೇ ತಾಲ್ಲೂಕಿನಲ್ಲಿದ್ದರೂ ಒಬ್ಬರಿಗೊಬ್ಬರು ಗೊತ್ತಾಗುವ ದಾರಿಯೇ ಇಲ್ಲ.

ತಾಲ್ಲೂಕಿಗೆ ಇಂಥ ಮಕ್ಕಳು ಎಷ್ಟಿದ್ದಾರು ಎಂಬ ಪ್ರಶ್ನೆ ಅಧಿಕಾರಿಗಳಿಂದ ಮೊದಲು ಬರಬಹುದು. ಪಲ್ವಲ್, ಕಾಂಗ್ರಾ, ಢೆಂಕನಾಲ್, ಉತ್ತರ ಗೋವಾ ಮತ್ತು ಹೈದರಾಬಾದ್‌ಗಳಲ್ಲಿ ಎರಡರಿಂದ ಒಂಬತ್ತು ವರ್ಷದ ಮಕ್ಕಳ ನಡುವೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನ ಇಲ್ಲಿ ನೆರವಿಗೆ ಬರುತ್ತದೆ. ಹಳ್ಳಿ, ಗುಡ್ಡಗಾಡು, ನಗರ ಎಲ್ಲವನ್ನೂ ಒಳಗೊಂಡ ಆ ಅಧ್ಯಯನದ ಪ್ರಕಾರ ಸರಿಸುಮಾರು ನೂರಕ್ಕೆ ಒಂದು ಮಗುವಿಗೆ ಆಟಿಸಂ ಇದೆ. ಎರಡು ಲಕ್ಷ ಜನಸಂಖ್ಯೆಯ ತಾಲ್ಲೂಕಿನಲ್ಲಿ ಆ ವಯಸ್ಸಿನವರು ಇಪ್ಪತ್ತು ಸಾವಿರ ಎಂದಿಟ್ಟುಕೊಂಡರೂ ಇನ್ನೂರು ಮನೆಗಳಾದವು. ಹತ್ತು ದಾಟಿದವರು, ಇಪ್ಪತ್ತು ದಾಟಿದವರು ಈ ಲೆಕ್ಕಕ್ಕೆ ಬಂದೇ ಇಲ್ಲ. ಇಷ್ಟು ಮನೆಗಳಿದ್ದೂ ನಮ್ಮ ಕಣ್ಣಿಗೆ ಬೀಳದಿರಲು ಕಾರಣವಿದೆ. ಮಾತು ತಡವಾದ ಮಗುವಿನ ಬಗ್ಗೆ ಊರಿನವರು ಹೇಳುವುದು ‘ಗಂಡುಮಕ್ಕಳಿಗೆ ಮಾತು ತಡ, ಅವರಪ್ಪನಿಗೂ ಹಾಗೇ ಆಗಿತ್ತು’ ಎಂದು. ಬಜೆ ತೇಯ್ದು ನೆಕ್ಕಿಸುವುದು, ತಾಯತ ಕಟ್ಟಿಸುವುದು, ಹರಕೆ ಹೊರುವುದು, ಇವುಗಳಲ್ಲೇ ಎರಡು ಮೂರು ವರ್ಷ ಕಳೆದುಹೋಗುತ್ತದೆ. ಅದೂ ಮಗು ಅತ್ಯಂತ ಬೇಗ ಕಲಿಯಬಹುದಾದ ವರ್ಷಗಳು. ಆಮೇಲೆ ಪೇಟೆಯ ಜಾಹೀರಾತುಗಳು ಬರುತ್ತವೆ. ಆಟಿಸಂಗೆ ಸ್ಟೆಮ್ ಸೆಲ್ ಚಿಕಿತ್ಸೆಯನ್ನು ಶಿಫಾರಸು ಮಾಡಲಾಗದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಸ್ಪಷ್ಟಪಡಿಸಿದೆ. ಜಮೀನು ಅಡವಿಟ್ಟಾದರೂ ಅದನ್ನು ಕೊಡಿಸಲು ಹೊರಟ ತಂದೆಗೆ ಈ ಮಾತನ್ನು ಅವನ ಭಾಷೆಯಲ್ಲಿ ಯಾರು ಹೇಳಬೇಕು?

ತಜ್ಞರಿಲ್ಲದೆ ಇದೆಲ್ಲ ಆಗುವುದುಂಟೇ, ಅರೆಬರೆ ಕಲಿತವರ ಕೈಗೆ ಮಕ್ಕಳನ್ನು ಒಪ್ಪಿಸಿದರೆ ಅಪಾಯವಲ್ಲವೇ ಎಂಬುದು ಎರಡನೆಯ ಆಕ್ಷೇಪ. ಇದು ಗಟ್ಟಿಯಾದ ಆಕ್ಷೇಪ, ಹಾರಿಕೆಯ ಉತ್ತರ ಸಾಲದು. ಗೋವಾದಲ್ಲೂ ಪಾಕಿಸ್ತಾನದ ರಾವಲ್ಪಿಂಡಿಯಲ್ಲೂ ಒಂದೇ ವಿಧಾನದಲ್ಲಿ ನಡೆದ ಪ್ರಯೋಗವೊಂದರ ಫಲಿತಾಂಶ 2016ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿಯಲ್ಲಿ ಪ್ರಕಟವಾಯಿತು. ಅದರಲ್ಲಿದ್ದವರು 65 ಮಕ್ಕಳು. ಒಂದು ಗುಂಪಿನ ಮಕ್ಕಳ ಪೋಷಕರಿಗೆ ತಜ್ಞರಲ್ಲದ, ಆದರೆ ತರಬೇತಿ ಪಡೆದು ತಜ್ಞರ ಮೇಲುಸ್ತುವಾರಿಯಲ್ಲಿದ್ದ ಆರೋಗ್ಯ ಕಾರ್ಯಕರ್ತರು ಹನ್ನೆರಡು ಪಾಠಗಳಲ್ಲಿ ಹೇಳಿಕೊಟ್ಟರು. ತಾಯಿ ಮಗುವಿನೊಂದಿಗೆ ಆಡುವುದನ್ನು ವಿಡಿಯೊ ಮಾಡಿ, ಅದನ್ನು ಅವಳೊಂದಿಗೇ ಕೂತು ನೋಡುವುದು ಅಲ್ಲಿನ ಕ್ರಮ. ಮಗು ತಾಯಿಯ ಕೈ ಹಿಡಿದು ಬಿಂದಿಗೆಯ ಕಡೆ ಎಳೆಯುತ್ತದೆ ಎನ್ನಿ. ಅವಸರದ ತಾಯಿ ತಕ್ಷಣ ಲೋಟ ತುಂಬಿ ಬಾಯಿಗೆ ಹಿಡಿಯುತ್ತಾಳೆ, ಇಲ್ಲವೇ ‘ಏನು ಬೇಕು ಹೇಳು, ಬಾಯಿಬಿಟ್ಟು ಹೇಳು’ ಎಂದು ಒತ್ತಾಯಿಸುತ್ತಾಳೆ. ಅದರ ಬದಲು ಮಗುವಿನ ಎದುರಿಗೆ ಕೂತು, ಅದರ ನೋಟ ಎಲ್ಲಿದೆ ಎಂದು ಗಮನಿಸಿ, ‘ನೀರು’ ಎಂದು ಒಂದೇ ಪದ ಹೇಳಿ ಸುಮ್ಮನೆ ಕಾಯಬೇಕು. ಆ ನಾಲ್ಕೈದು ಕ್ಷಣ ಕಾಯುವುದನ್ನು ಕಲಿಯುವುದೇ ಕಷ್ಟ, ಕಲಿಸಬೇಕಾದದ್ದೂ ಅದನ್ನೇ. ಪ್ರಯೋಗದ ಕೊನೆಗೆ ಪೋಷಕರು ಮಗುವಿನ ಗತಿಗೆ ಹೊಂದಿಕೊಂಡು ಸ್ಪಂದಿಸುವುದು ಹೆಚ್ಚಿತ್ತು, ಮಕ್ಕಳು ತಾವಾಗಿ ಸಂವಹನಕ್ಕೆ ಮುಂದಾಗುವುದೂ ಹೆಚ್ಚಿತ್ತು. ಇಬ್ಬರೂ ಒಂದೇ ವಸ್ತುವಿನತ್ತ ಗಮನ ಹಂಚಿಕೊಳ್ಳುವ ಹೊತ್ತು ಮಾತ್ರ ಕಡಿಮೆಯಾಗಿತ್ತು. ಎಲ್ಲವೂ ಸುಧಾರಿಸಿತು ಎಂದು ನಾನು ಹೇಳಲಾರೆ, ಹೇಳುವ ಅಗತ್ಯವೂ ಇಲ್ಲ. ತಜ್ಞರಲ್ಲದವರು ಇದನ್ನು ಕಲಿತು ಸರಿಯಾಗಿ ಕಲಿಸಬಲ್ಲರೇ ಎಂಬ ಪ್ರಶ್ನೆಗೆ ಹೌದು ಎಂಬ ಉತ್ತರ ಸಿಕ್ಕಿದೆ. ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ಪೋಷಕರ ತರಬೇತಿಯೂ ಇದೇ ನಂಬಿಕೆಯ ಮೇಲೆ ನಿಂತಿದೆ: ಒಂಬತ್ತು ಸಲ ಗುಂಪಿನಲ್ಲಿ ಕಲಿಕೆ, ಮೂರು ಸಲ ಮನೆ ಭೇಟಿ. ತಜ್ಞರು ಬೇಡವೆಂದಲ್ಲ. ವಾಕ್ ಶ್ರವಣ ಸಂಸ್ಥೆಯಲ್ಲೂ ನಿಮ್ಹಾನ್ಸ್‌ನಲ್ಲೂ ಇರುವವರು ಕಲಿಸುವವರನ್ನು ತಯಾರು ಮಾಡಲಿ, ತಪ್ಪಿದಲ್ಲಿ ತಿದ್ದಲಿ, ಕಠಿಣವಾದ ಪ್ರಕರಣಗಳನ್ನು ನೋಡಲಿ. ಮಗು ದಿನದ ಹೆಚ್ಚಿನ ಹೊತ್ತು ಇರುವುದು ತಾಯಿಯ ಬಳಿ. ವಾರಕ್ಕೊಮ್ಮೆ ಮುಕ್ಕಾಲು ಗಂಟೆಯ ಥೆರಪಿಗಾಗಿ ನೂರಾರು ಕಿಲೋಮೀಟರ್ ಬಸ್ಸಿನಲ್ಲಿ, ಹಾರ್ನಿನ ಸದ್ದಿಗೇ ಕಿವಿ ಮುಚ್ಚಿಕೊಂಡು ಚೀರುವ ಮಗುವನ್ನು ಮಡಿಲಲ್ಲಿಟ್ಟುಕೊಂಡು ಓಡಾಡು ಎಂದು ಅವಳಿಗೆ ಹೇಳುವುದು ನ್ಯಾಯವಲ್ಲ.

ಇನ್ನು ತಮ್ಮ ಖಾತೆಯ ಮಾತು. ಅಂಗನವಾಡಿಗಳು ತಮ್ಮವು. ಅಂಗವಿಕಲ ಮಕ್ಕಳಿಗಾಗಿಯೇ ಅಂಗನವಾಡಿ ಕಾರ್ಯವಿಧಾನವೊಂದನ್ನು ಕೇಂದ್ರ ಸರ್ಕಾರ 2023ರ ನವೆಂಬರಿನಲ್ಲಿ ಹೊರತಂದಿದೆ. ಗ್ರಾಮ ಪಂಚಾಯಿತಿ ಮಟ್ಟದ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕು ಮಟ್ಟದ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ತಮ್ಮವರು. ಸ್ವತಃ ಅಂಗವಿಕಲರಾಗಿದ್ದು ಮನೆಮನೆಯ ಕಷ್ಟ ಬಲ್ಲವರು ಅವರು. ಸ್ತ್ರೀಶಕ್ತಿ ಗುಂಪುಗಳೂ ತಮ್ಮವೇ. ಹತ್ತು ಹದಿನೈದು ಹೆಂಗಸರು ನಿಗದಿತ ದಿನ ಸೇರಿ, ಪುಸ್ತಕ ಬರೆದು, ಒಬ್ಬರ ಕಷ್ಟಕ್ಕೆ ಒಬ್ಬರು ಆಗುವುದನ್ನು ಈ ರಾಜ್ಯ ಎರಡು ದಶಕಕ್ಕೂ ಮೇಲ್ಪಟ್ಟು ನಡೆಸಿಕೊಂಡು ಬಂದಿದೆ. ಇವು ಮೂರೂ ಒಂದೇ ಖಾತೆಯಡಿ ಇರುವುದು ದೊಡ್ಡ ಅನುಕೂಲ. ಮಕ್ಕಳ ಆರೋಗ್ಯ ತಪಾಸಣೆಗೆ 2013ರಲ್ಲಿ ಶುರುವಾದ ಆರ್‌ಬಿಎಸ್‌ಕೆ ತಂಡಗಳು ಆರೋಗ್ಯ ಇಲಾಖೆಯವು, ಸಮನ್ವಯ ಶಿಕ್ಷಣದ ಬಿಐಇಆರ್‌ಟಿ ಶಿಕ್ಷಕರು ಶಿಕ್ಷಣ ಇಲಾಖೆಯವರು. ಅವರನ್ನೂ ಅದೇ ದಿನ ಅಲ್ಲಿಗೆ ಕರೆಸಲು ಮೂರು ಇಲಾಖೆಗಳ ಒಂದು ಜಂಟಿ ಸುತ್ತೋಲೆ ಸಾಕು. ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುವ ವ್ಯವಸ್ಥೆ 2014ರಿಂದ ಇದೆ. ಕೂಟವನ್ನು ಅಂಥದೊಂದು ಮಂಗಳವಾರ ಅಲ್ಲೇ ಇಟ್ಟುಕೊಂಡರೆ ವೈದ್ಯರನ್ನು ಕಾಣಲು ಬೇರೆ ದಿನದ ಕೂಲಿ ಕಳೆದುಕೊಳ್ಳಬೇಕಿಲ್ಲ.

ಈ ಕಾರ್ಯಕರ್ತರ ಮೇಲೆ ಈಗಾಗಲೇ ಹೊರಲಾರದಷ್ಟು ಹೊರೆ ಇದೆ, ಸಿಗುವುದು ಗೌರವಧನ ಮಾತ್ರ ಎಂದು ಯಾರಾದರೂ ಹೇಳಿದರೆ ನಾನು ಪೂರ್ತಿ ಒಪ್ಪುತ್ತೇನೆ. ಇನ್ನೊಂದು ಕೆಲಸವನ್ನು ಪುಕ್ಕಟೆಯಾಗಿ ಅವರ ತಲೆಗೆ ಕಟ್ಟುವುದಾದರೆ ಈ ಯೋಜನೆಯೇ ಬೇಡ. ತರಬೇತಿಯ ದಿನಗಳಿಗೂ ಕೂಟದ ದಿನಕ್ಕೂ ಪ್ರತ್ಯೇಕ ಭತ್ಯೆ ಇರಬೇಕು, ಅದು ಬಾಕಿ ಉಳಿಯಬಾರದು. ಅಂಗವಿಕಲರಿಗಾಗಿ ಪಂಚಾಯಿತಿಗಳು ಶೇ. 5ರಷ್ಟು ಅನುದಾನ ಮೀಸಲಿಡಬೇಕೆಂಬ ನಿಯಮವಿದೆ. ಮಕ್ಕಳನ್ನು ಕರೆತರುವ ಪ್ರಯಾಣವೆಚ್ಚವನ್ನು ಅದರಿಂದ ಕೊಡುವುದು ಆ ಹಣದ ಸದ್ಬಳಕೆಯೇ ಆದೀತು. ಸ್ಥಳೀಯ ಸಂಸ್ಥೆಗಳಿಂದ ಇಂಥದ್ದು ಆಗದು ಎನ್ನುವವರು ಕೇರಳದ ಕಡೆ ನೋಡಬಹುದು. ಅಲ್ಲಿ ಬೌದ್ಧಿಕ ಸವಾಲಿರುವ ಮಕ್ಕಳಿಗಾಗಿ ಕುಟುಂಬಶ್ರೀಯ ಬೆಂಬಲದಿಂದ ಪಂಚಾಯಿತಿಗಳೇ ಬಡ್ಸ್ ಶಾಲೆಗಳನ್ನು ನಡೆಸುತ್ತಿವೆ. ನಮ್ಮಲ್ಲೂ ಪೋಷಕರು ಕಟ್ಟಿದ ಸಂಘಗಳಿವೆ, ಕಾಮ್‌ಡೀಲ್‌ನಂಥ ಸಂಸ್ಥೆಯನ್ನು ವಾಕ್ ತಜ್ಞೆ ಪ್ರತಿಭಾ ಕಾರಂತರು ಬೆಂಗಳೂರಿನಲ್ಲಿ ಕಟ್ಟಿ ಇಂಥ ಮಕ್ಕಳಿಗೆ ಚಿಕ್ಕ ವಯಸ್ಸಿನಲ್ಲೇ ತರಬೇತಿ ಕೊಡುವ ಕ್ರಮವನ್ನು ರೂಪಿಸಿದ್ದಾರೆ. ಆ ಅನುಭವ ರಾಜಧಾನಿಯಿಂದ ಹೊರಗೆ ಹರಿಯಲು ಸರ್ಕಾರದ ಒತ್ತಾಸೆ ಬೇಕು.

ನಾಚಿಕೆಗೆ ಹೆದರಿ ಜನ ಬರುವುದೇ ಇಲ್ಲ ಎಂಬ ಮಾತೂ ಕೇಳಿಬರುತ್ತದೆ. ಮದುವೆ ಮುಂಜಿಗೆ ಹೋಗುವುದನ್ನೇ ಬಿಟ್ಟ ಮನೆಗಳಿವೆ ನಿಜ. ಮಗು ಹೀಗಾದದ್ದಕ್ಕೆ ತಾಯಿಯನ್ನೇ ದೂರುವ ಅತ್ತೆಮನೆಗಳೂ ಇವೆ. ತಾಯಿಯ ಪ್ರೀತಿ ಕಡಿಮೆಯಾದ್ದರಿಂದ ಆಟಿಸಂ ಬರುತ್ತದೆ ಎಂಬ ವಾದವನ್ನು ವಿಜ್ಞಾನ ಎಂದೋ ಕೈಬಿಟ್ಟಿದೆ, ನಮ್ಮ ಜಗಲಿಗಳು ಬಿಟ್ಟಿಲ್ಲ. ಇಂಥ ತಾಯಿ ವೇದಿಕೆ, ಹಾರ, ಫೋಟೊ ಇರುವ ಜಾಗೃತಿ ಸಮಾವೇಶಕ್ಕೆ ಖಂಡಿತ ಬರಲಾರಳು. ತನ್ನಂಥವರೇ ಹತ್ತು ಜನ ಕೂತಿರುವ, ಮಗು ನೆಲದ ಮೇಲೆ ಉರುಳಾಡಿ ಅತ್ತರೂ ಯಾರೂ ತಿರುಗಿ ನೋಡದ ಕೋಣೆಗೆ ಬಂದಾಳು. ಹಾಗಾಗಿ ಅಲ್ಲಿ ಕ್ಯಾಮೆರಾ ಬೇಡ, ಫಲಾನುಭವಿಗಳ ಪಟ್ಟಿಯನ್ನು ಗೋಡೆಗೆ ಅಂಟಿಸುವುದು ಬೇಡ, ಪ್ರಮಾಣಪತ್ರ ಇದ್ದರೆ ಮಾತ್ರ ಪ್ರವೇಶ ಎಂಬ ಷರತ್ತೂ ಬೇಡ.

ಯಾದಗಿರಿ ಅಥವಾ ಚಾಮರಾಜನಗರದಂಥ ಒಂದು ಜಿಲ್ಲೆಯಲ್ಲಿ ಮೊದಲು ಶುರುಮಾಡಿ, ಬೆಂಗಳೂರಿನಲ್ಲಿ ಅಲ್ಲ. ಕಲಿಕೆಯ ಸಾಮಗ್ರಿ ಕನ್ನಡದಲ್ಲಿರಲಿ, ಯಾದಗಿರಿಯಲ್ಲಾದರೆ ಉರ್ದು, ತೆಲುಗಿನಲ್ಲೂ ಇರಲಿ. ಒಂದು ವರ್ಷದ ನಂತರ ಎಷ್ಟು ಮನೆಗಳವರು ಬಂದರು, ಎಷ್ಟು ಜನ ನಡುವೆಯೇ ಬಿಟ್ಟರು, ಏಕೆ ಬಿಟ್ಟರು ಎಂಬುದನ್ನು ಮುಚ್ಚುಮರೆಯಿಲ್ಲದೆ ಪ್ರಕಟಿಸಿ. ಮಕ್ಕಳು ದೊಡ್ಡವರಾದ ಪೋಷಕರನ್ನೂ ಕೂಟಕ್ಕೆ ಕರೆಯಿರಿ, ಅನುಭವ ಹೇಳುವ ಕೆಲಸಕ್ಕೆ ಅವರಿಗೂ ಭತ್ಯೆ ಕೊಡಿ. ‘ನಾವು ಹೋದ ಮೇಲೆ ಇವನನ್ನು ನೋಡಿಕೊಳ್ಳುವವರು ಯಾರು’ ಎಂಬ ಅವರ ಪ್ರಶ್ನೆ ತಿಂಗಳ ಕೂಟದಿಂದ ಬಗೆಹರಿಯುವಂಥದ್ದಲ್ಲ. ಹದಿನೆಂಟು ದಾಟಿದವರಿಗೆ ಕಾನೂನುಬದ್ಧ ಪಾಲಕರನ್ನು ನೇಮಿಸುವ ಅಧಿಕಾರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿಗಳಿರುವ ಸ್ಥಳೀಯ ಮಟ್ಟದ ಸಮಿತಿಗಿದೆ. ಆ ಸಮಿತಿಯ ಒಬ್ಬ ಸದಸ್ಯರು ವರ್ಷಕ್ಕೆರಡು ಬಾರಿಯಾದರೂ ಪ್ರತಿ ತಾಲ್ಲೂಕಿನ ಕೂಟಕ್ಕೆ ಬಂದು ಅರ್ಜಿಗಳನ್ನು ಅಲ್ಲೇ ಸ್ವೀಕರಿಸುವಂತೆ ಆದೇಶದಲ್ಲಿ ಸೇರಿಸಬೇಕೆಂದು ಕೋರುತ್ತೇನೆ.

ಗೌರವಾದರಗಳೊಂದಿಗೆ,
ರಾಜ್ಯದ ಒಬ್ಬ ನಾಗರಿಕ