ಬಾವುಟ ಹಚ್ಚೋ ಕೈ, ಪಗಾರ ಕೊಡೋ ಕೈ



ಏಪ್ರಿಲ್ ಬಂತಂದ್ರ ನಮ್ಮ ಸರ್ಕಾರಿ ಕಚೇರಿಗಳಿಗೆ ಬಾವುಟದ ಸುಗ್ಗಿ. ಏಪ್ರಿಲ್ 2ಕ್ಕೆ ಪೊಲೀಸ್ ಧ್ವಜ ದಿನ. ಕರ್ನಾಟಕ ಪೊಲೀಸ್ ಕಾಯ್ದೆ 1965ರಲ್ಲಿ ಅದೇ ತಾರೀಖಿಗೆ ಜಾರಿಗೆ ಬಂತು, ಅದರ ನೆನಪು. ಸಣ್ಣ ಬಾವುಟ ಎದೆಗೆ ಚುಚ್ಚುತ್ತಾರೆ, ಅದರಿಂದ ಬಂದ ದುಡ್ಡು ಪೊಲೀಸ್ ಕುಟುಂಬಗಳ ಕಲ್ಯಾಣಕ್ಕೆ ಹೋಗುತ್ತದೆ. ಏಪ್ರಿಲ್ 14ಕ್ಕೆ ಅಗ್ನಿಶಾಮಕ ಸೇವಾ ದಿನ. 1944ರ ಆ ದಿನ ಮುಂಬಯಿ ಬಂದರಿನಲ್ಲಿ ಫೋರ್ಟ್ ಸ್ಟಿಕಿನ್ ಎಂಬ ಹಡಗು ಸಿಡಿಯಿತು. ಒಂದೇ ಹಡಗಿನೊಳಗೆ ಹತ್ತಿ ಅಂಡಿಗೆಯನ್ನೂ ಮದ್ದುಗುಂಡನ್ನೂ ತುಂಬಿದ್ದರು. ಬೆಂಕಿ ಆರಿಸಲು ಹೋದ ಅರವತ್ತಕ್ಕೂ ಹೆಚ್ಚು ಅಗ್ನಿಶಾಮಕ ನೌಕರರು ಸತ್ತರು. ಅವರ ಹೆಸರಿನಲ್ಲಿ ಇವತ್ತಿಗೂ ಬಾವುಟ ಹಚ್ಚುತ್ತಾರೆ.

ಅದೇ ಏಪ್ರಿಲ್ 14 ಬಾಬಾಸಾಹೇಬರು ಹುಟ್ಟಿದ ದಿನವೂ ಹೌದು. ಆ ಹಡಗು ಸಿಡಿದ ದಿನ ಅವರು ದಿಲ್ಲಿಯಲ್ಲಿ ವೈಸರಾಯರ ಕಾರ್ಯಕಾರಿ ಮಂಡಳಿಯ ಕಾರ್ಮಿಕ ಸದಸ್ಯರಾಗಿದ್ದರು. ಹಿಂಗಾಗಿ ಒಂದೇ ದಿನ ಸರ್ಕಾರ ಒಂದು ಕೈಯಲ್ಲಿ ಬಾಬಾಸಾಹೇಬರ ಫೋಟೋಕ್ಕೆ ಹಾರ ಹಾಕುತ್ತದೆ, ಇನ್ನೊಂದು ಕೈಯಲ್ಲಿ ಬೆಂಕಿ ಆರಿಸುವವರಿಗೆ ಬಾವುಟ ಹಚ್ಚುತ್ತದೆ. ಎರಡೂ ಒಳ್ಳೆಯ ಕೆಲಸವೇ. ಆದರೆ ಆ ಎರಡು ಕೈಗಳನ್ನ ಇವತ್ತು ಸ್ವಲ್ಪ ಹಿಡಿದು ನೋಡೋಣ.

ಬಾವುಟ ಯಾಕೆ ಬೇಕು ಅಂತ ನಾನು ಕೇಳೋದಿಲ್ಲ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು 19 ಮಂದಿ ಸತ್ತರು. ನಮ್ಮ ಜಿಲ್ಲೆ ಅದನ್ನ ಮರೆತಿಲ್ಲ. ಕಾಂಕ್ರೀಟು ಕೊರೆದು, ಹೊಟ್ಟೆಯ ಮೇಲೆ ತೆವಳಿ ಒಳಗೆ ಹೋಗಿ, ದಿನಗಳು ಉರುಳಿದ ಮೇಲೂ ಜೀವ ಇದ್ದವರನ್ನ ಎಳೆದು ತಂದವರು ಇದ್ದಾರಲ್ಲ, ಅವರ ಎದೆಗೆ ಬಾವುಟ ಹಚ್ಚಿದರೆ ಯಾರಿಗೆ ಹೊಟ್ಟೆಕಿಚ್ಚು? ಪೇದೆಯೂ ಬಡವರ ಮಗನೇ. 2016ರ ಜೂನ್‌ನಲ್ಲಿ ಇದೇ ರಾಜ್ಯದ ಪೇದೆಗಳು ಪಗಾರ ಸಾಲದು, ರಜೆ ಇಲ್ಲ ಅಂತ ಸಾಮೂಹಿಕ ರಜೆ ಹಾಕಲು ಹೊರಟಿದ್ದರು. ವರ್ಷಾ ವರ್ಷಾ ಧ್ವಜ ದಿನ ನಡೆದೇ ಇತ್ತು. ಬಾವುಟ ಅವರ ಹೊಟ್ಟೆ ತುಂಬಿಸಿರಲಿಲ್ಲ.

ಇಲ್ಲೇ ನನ್ನ ಮಾತು ಇರೋದು. ಒಬ್ಬ ಸಾಮಾನ್ಯ ಮನುಷ್ಯ ಚಪ್ಪಾಳೆ ತಟ್ಟಿದರೆ ಅದು ಅವನ ಪ್ರೀತಿ. ಅವನ ಕೈಯಲ್ಲಿ ಕೊಡೋದಕ್ಕೆ ಮತ್ತೇನೂ ಇಲ್ಲ. ಆದರೆ ಸರ್ಕಾರ, ಪಂಚಾಯ್ತಿ, ಪುರಸಭೆ ಚಪ್ಪಾಳೆ ತಟ್ಟಿದರೆ? ಅವರ ಕೈಯಲ್ಲಿ ಖಜಾನೆ ಕೀಲಿ ಇದೆ. ನೇಮಕದ ಆದೇಶ ಬರೆಯೋ ಪೆನ್ನು ಇದೆ. ಅವರು ಜಾತ್ರೆ ನೋಡಲು ಬಂದವರಲ್ಲ, ತೇರಿನ ಹಗ್ಗ ಹಿಡಿದವರು. ಹಗ್ಗ ಬಿಟ್ಟು ಚಪ್ಪಾಳೆ ತಟ್ಟಿದರೆ ತೇರು ಯಾರ ಮೈಮೇಲೆ ಹೋಗುತ್ತದೆ ಅಂತ ನಮ್ಮ ಕೇರಿಗಳಿಗೆ ಗೊತ್ತು.

2020ರ ಮಾರ್ಚ್ 22ರ ಸಂಜೆ ಐದಕ್ಕೆ ದೇಶವೆಲ್ಲ ತಾಟು ಬಡಿಯಿತು. ಮೇ 3ರಂದು ವಾಯುಪಡೆಯ ಹೆಲಿಕಾಪ್ಟರುಗಳು ಆಸ್ಪತ್ರೆಗಳ ಮೇಲೆ ಹೂ ಸುರಿದವು. ಹೂ ಬಾಡಿ ಎರಡು ತಿಂಗಳು ಕಳೆದ ಮೇಲೆ, ಜುಲೈ 10ರಿಂದ, ಕರ್ನಾಟಕದ ಆಶಾ ಕಾರ್ಯಕರ್ತೆಯರು ಕೆಲಸ ನಿಲ್ಲಿಸಿ ಮುಷ್ಕರಕ್ಕೆ ಕೂತರು. ನಲವತ್ತು ಸಾವಿರಕ್ಕೂ ಹೆಚ್ಚು ಹೆಣ್ಣುಮಕ್ಕಳು. ಮನೆಮನೆಗೆ ಹೋಗಿ ಯಾರಿಗೆ ಜ್ವರ, ಯಾರಿಗೆ ಕೆಮ್ಮು ಅಂತ ಬರೆದುಕೊಂಡು ಬಂದವರು ಅವರೇ. ಕೇಳಿದ್ದು ತಿಂಗಳಿಗೆ 12,000 ರೂಪಾಯಿ ಗೌರವಧನ ಮತ್ತು ಮೈ ಕಾಯುವ ಸಾಮಾನು. ಆ ಶಬ್ದ ನೋಡ್ರಿ: ಗೌರವಧನ. ಪಗಾರ ಅಂದರೆ ಹಕ್ಕಾಗುತ್ತದೆ, ಅದಕ್ಕೇ ಗೌರವ ಅಂತ ಹೆಸರಿಟ್ಟರು.

ಈ ಗೌರವದ ಆಟ ನಮಗೆ ಹೊಸದಲ್ಲ. ಊರಿಗೆ ಏನೇ ಆಪತ್ತು ಬಂದರೂ ಮೊದಲು ಓಡಬೇಕಾದವರು ಯಾರು? ರಾತ್ರಿ ಗಸ್ತು ತಿರುಗಿದವರು, ಸತ್ತ ಸುದ್ದಿ ಹೊತ್ತು ಮಳೆಯಲ್ಲಿ ಊರೂರು ನಡೆದವರು, ಬಾವಿಯಿಂದ ಹೆಣ ಎತ್ತಿದವರು, ಸತ್ತ ದನ ಎಳೆದವರು? ಕೇರಿಯವರು. ಕೈಗೆ ಒಂದು ಕೋಲು ಕೊಟ್ಟು ಇದು ನಿಮ್ಮ ವತನ, ನಿಮ್ಮ ಮಾನ ಅಂದರು. ಆ ಮಾನದ ಒಳಗೆ ಬಿಟ್ಟಿ ಚಾಕರಿ ಇತ್ತು. ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತದಲ್ಲಿದ್ದ ಕಾಲದಲ್ಲಿ, 1928ರಲ್ಲಿ, ಮಹಾರ ವತನದ ಈ ಗುಲಾಮಗಿರಿ ತೆಗೆಯಬೇಕು ಅಂತ ಬಾಬಾಸಾಹೇಬರು ಅಲ್ಲಿನ ಶಾಸನಸಭೆಯಲ್ಲಿ ಮಸೂದೆ ತಂದರು. ಕೋಲಿನ ಮಾನ ಬೇಡ, ಕೆಲಸಕ್ಕೆ ಸರಿಯಾದ ಸಂಬಳ ಇರಲಿ ಅನ್ನೋದು ಅದರ ತಿರುಳು. ನಮ್ಮ ರಾಜ್ಯದಲ್ಲಿ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ ಬಂದದ್ದು 1961ರಲ್ಲಿ.

ಇವತ್ತಿನ ಕೋಲು ಯಾವುದು ಅಂತ ನೋಡಬೇಕಾದರೆ ಗಟಾರದ ಬಾಯಿಗೆ ಬರ್ರಿ. ಮ್ಯಾನ್‌ಹೋಲ್ ಒಳಗೆ ಕೊಳೆತ ಮೊಟ್ಟೆಯ ನಾತದ ಒಂದು ವಿಷಗಾಳಿ ಇರುತ್ತದೆ. ಅದು ಹೆಚ್ಚಾದರೆ ನಾತ ನಿಲ್ಲುತ್ತದೆ. ಗಾಳಿ ಹೋಯಿತು ಅಂತ ಅಲ್ಲ, ಮೂಗು ಸತ್ತಿತು ಅಂತ. ಒಬ್ಬ ಒಳಗೆ ಬೀಳುತ್ತಾನೆ. ಮೇಲಿದ್ದ ಜೊತೆಗಾರ ಫೈರ್ ಗಾಡಿಗೆ ಕಾಯೋದಿಲ್ಲ, ಅಣ್ಣಾ ಅಂತ ಕೂಗಿ ಹಗ್ಗ ಇಲ್ಲದೇ ಇಳಿಯುತ್ತಾನೆ. ಅವನೂ ಮೇಲೆ ಬರೋದಿಲ್ಲ. ಈ ದೇಶದ ಎಷ್ಟೋ ಮ್ಯಾನ್‌ಹೋಲ್ ಸಾವುಗಳ ಕಥೆ ಹಿಂಗೇ ಇದೆ: ಮೊದಲನೆಯವನು ಕೆಲಸಕ್ಕೆ ಸತ್ತ, ಎರಡನೆಯವನು ಕಾಪಾಡಲು ಹೋಗಿ ಸತ್ತ. ಆ ಎರಡನೆಯವನಿಗಿಂತ ಮೊದಲು ಓಡಿ ಬಂದವನು ಯಾರು? ಅವನಿಗೆ ಯಾವ ತಾರೀಖಿನ ಬಾವುಟ?

ಕಾನೂನು ಇಲ್ಲ ಅನ್ನಬೇಡ್ರಿ. 1993ರಲ್ಲಿ ಒಂದು ಬಂತು, 2013ರಲ್ಲಿ ಇನ್ನೊಂದು ಬಂತು. ರಕ್ಷಣೆಯ ಸಾಮಾನಿಲ್ಲದೇ ಯಾವ ಸ್ಥಳೀಯ ಸಂಸ್ಥೆಯೂ ಮನುಷ್ಯನನ್ನ ಚರಂಡಿ, ಸೆಪ್ಟಿಕ್ ಟ್ಯಾಂಕಿಗೆ ಇಳಿಸಕೂಡದು ಅಂತ ಅದರಲ್ಲಿ ಬರೆದಿದೆ. 1993ರಿಂದ ಹಿಂಗೆ ಸತ್ತ ಪ್ರತಿಯೊಬ್ಬರ ಮನೆಗೂ 10 ಲಕ್ಷ ಕೊಡಿ ಅಂತ ಸುಪ್ರೀಂ ಕೋರ್ಟು 2014ರ ಮಾರ್ಚ್‌ನಲ್ಲಿ ಹೇಳಿತು. 2023ರ ಅಕ್ಟೋಬರ್‌ನಲ್ಲಿ ಅದನ್ನ 30 ಲಕ್ಷ ಮಾಡಿತು. ನಮ್ಮ ರಾಜ್ಯ ಸೆಪ್ಟೆಂಬರ್ 23ನ್ನು ಪೌರಕಾರ್ಮಿಕರ ದಿನ ಅಂತ ಮಾಡುತ್ತದೆ. ಶಾಲು ಹೊದಿಸುತ್ತಾರೆ, ಫಲತಾಂಬೂಲ ಕೊಡುತ್ತಾರೆ. ಶಾಲು ಹೊದ್ದ ಅದೇ ಜನ 2022ರ ಜುಲೈ 1ರಿಂದ ರಾಜ್ಯದ ತುಂಬ ಪೊರಕೆ ಕೆಳಗಿಟ್ಟು ಬೀದಿಗೆ ಕೂತು, ಕಾಯಂ ಮಾಡ್ರಿ ಅಂತ ಕೇಳಬೇಕಾಯಿತು. ಕೂತ ಮೇಲೆಯೇ ಸರ್ಕಾರ ಒಪ್ಪಿತು. ಶಾಲು ಮಾಡದ ಕೆಲಸವನ್ನ ಪೊರಕೆ ಕೆಳಗಿಟ್ಟದ್ದು ಮಾಡಿತು.

ಹಾಗಾದರೆ ಗುರುತುಗಳೇ ಸುಳ್ಳೇನು? ಅಲ್ಲ. ನಮ್ಮ ಧಾರವಾಡ ಸೀಮೆಯ ಹಳ್ಳಿಗಳಲ್ಲಿ ಹಳೇ ವೀರಗಲ್ಲುಗಳಿವೆ. ಊರ ದನ ಹೊಡಕೊಂಡು ಹೋದಾಗ ಅಡ್ಡ ನಿಂತು ಸತ್ತವರ ಕಲ್ಲುಗಳು ಅದರಲ್ಲಿ ಎಷ್ಟೋ. ಆ ಕಾಲದ ಅರಸರು ನಮ್ಮ ಪಾಲಿಗೆ ದೇವರಾಗಿರಲಿಲ್ಲ, ಖರೆ. ಆದರೂ ಹಳೇ ಶಾಸನಗಳಲ್ಲಿ ಒಂದು ಶಬ್ದ ಬರುತ್ತದೆ: ನೆತ್ತರುಗೊಡಗೆ. ನೆತ್ತರು ಸುರಿಸಿದವನ ಮನೆಯವರಿಗೆ ಬಿಟ್ಟುಕೊಟ್ಟ ಭೂಮಿ. ಕಲ್ಲು ನಿಲ್ಲಿಸಿದವರೇ ಹೊಲವನ್ನೂ ಬರೆದುಕೊಟ್ಟರು, ಕೊಟ್ಟದ್ದನ್ನ ಕಲ್ಲಿನ ಮೇಲೇ ಕೆತ್ತಿದರು. ಇವತ್ತಿನ ಪ್ರಜಾಪ್ರಭುತ್ವಕ್ಕೆ ಆ ಪಾಳೆಯಗಾರನ ಲೆಕ್ಕವಾದರೂ ಬೇಡವೇನು?

ನಮ್ಮವರಲ್ಲೇ ಲೆಕ್ಕ ಗೊತ್ತಿದ್ದವರೊಬ್ಬರಿದ್ದರು. 1970ರ ದಶಕದಲ್ಲಿ, ದೇವರಾಜ ಅರಸು ಅವರ ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನ ನಿಷೇಧಿಸಿದರು. ಮಲ ಹೊರುವವನ ತಲೆಯ ಮೇಲೆ ಹೂ ಇಡಲಿಲ್ಲ ಅವರು. ಬುಟ್ಟಿ ಇಳಿಸಿದರು.

ಗೆಳೆಯರೇ, ತಂಬೂರ ಇರಲಿ, ಕಲಘಟಗಿ ಇರಲಿ, ನವಲಗುಂದ ಇರಲಿ, ನಮ್ಮ ಕೈಯಲ್ಲಿ ಆಗೋ ಕೆಲಸ ಇದೆ. ಗ್ರಾಮಸಭೆ ನಮ್ಮದು. ಅಲ್ಲಿ ಎದ್ದು ನಿಂತು ಒಂದು ಠರಾವು ಕೇಳೋಣ. ಪಂಚಾಯ್ತಿ ಗೋಡೆಗೆ ಯಾವ ಬಾವುಟ, ಯಾವ ಬ್ಯಾನರ್ ಹಚ್ಚಿದರೂ ಅದರ ಪಕ್ಕ ಒಂದು ಕರಿ ಹಲಗೆ ಇರಬೇಕು. ಅದರ ಮೇಲೆ ಮೂರೇ ಸಾಲು: ನಮ್ಮಲ್ಲಿ ಗಟಾರ ಬಳಿಯೋರು, ನೀರು ಬಿಡೋರು, ಕಸ ಎತ್ತೋರು ಎಷ್ಟು ಮಂದಿ; ಅವರಿಗೆ ಕಡೇ ಪಗಾರ ಆದ ತಾರೀಖು ಯಾವುದು; ಈ ವರ್ಷ ಕೈಗವಸು, ಬೂಟು ಕೊಟ್ಟದ್ದು ಯಾವಾಗ. ಬರೆಯೋದಿಲ್ಲ ಅಂದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ, 10 ರೂಪಾಯಿ ಕಟ್ಟಿ ಅರ್ಜಿ ಹಾಕೋಣ. ಪಟ್ಟಣ ಪಂಚಾಯ್ತಿಗೂ ಪುರಸಭೆಗೂ ಇದೇ ಪ್ರಶ್ನೆ ಕೇಳೋಣ.

ಬರೋ ಏಪ್ರಿಲ್ 14ಕ್ಕೆ ಕಚೇರಿಯಲ್ಲಿ ಯಾರಾದರೂ ನಿಮ್ಮ ಅಂಗಿಗೆ ಬಾವುಟ ಚುಚ್ಚಲು ಬಂದರೆ ಬೇಡ ಅನ್ನಬೇಡ್ರಿ. ಬೆಂಕಿಗೆ ಹಾರಿದವರ ಬಾವುಟ ಅದು, ಹಚ್ಚಿಸಿಕೊಳ್ಳಿರಿ. ಹಚ್ಚಿದ ಸಾಹೇಬರ ಕೈಯನ್ನ ಮಾತ್ರ ಹಂಗೇ ಹಿಡಕೊಂಡು ಕೇಳ್ರಿ: "ಸಾಹೇಬ್ರ, ಈ ಕೈಯಿಂದ ಪಗಾರದ ಬಿಲ್ಲಿಗೆ ಸಹಿ ಯಾವಾಗ?"

ಜೈ ಭೀಮ್.