ಸೈನಸ್ ಆಪರೇಷನ್ ಮುಗಿದ ಮೇಲೆ ಶುರುವಾಗುವ ಚಿಕಿತ್ಸೆ

‘ಸೈನಸ್‌ಗೆ ಆಪರೇಷನ್ ಮಾಡಿಸಬೇಡಿ, ಮಾಡಿಸಿದರೂ ಮತ್ತೆ ಬರುತ್ತದೆ.’ ಈ ಮಾತು ಕಿವಿಗೆ ಬೀಳದ ಸೈನಸ್ ರೋಗಿ ನಮ್ಮಲ್ಲಿ ಸಿಗುವುದು ಕಷ್ಟ. ಮಾತು ಪೂರ್ತಿ ಸುಳ್ಳಲ್ಲ. ಆದರೆ ಯಾರಿಗೆ ಮತ್ತೆ ಬರುತ್ತದೆ, ಯಾಕೆ ಬರುತ್ತದೆ ಎಂದು ಕೇಳುವವರು ಕಡಿಮೆ. ಹೆಚ್ಚಿನವರಲ್ಲಿ ಕಾಯಿಲೆ ಇರುವುದು ಸೈನಸ್‌ಗಳ ಒಳಪದರದಲ್ಲಿ. ಆ ಪದರಕ್ಕೆ ಗಾಳಿ, ಉಪ್ಪುನೀರು, ಔಷಧ ತಲುಪುವ ದಾರಿಯನ್ನು ಆಪರೇಷನ್ ಮಾಡಿಕೊಡುತ್ತದೆ. ಆಮೇಲಿನ ಕೆಲಸ ತಿಂಗಳುಗಟ್ಟಲೆ ಮನೆಯ ಬಚ್ಚಲಲ್ಲಿ ನಡೆಯಬೇಕು. ಇದನ್ನು ರೋಗಿಗೆ ಮೊದಲೇ ಬಿಡಿಸಿ ಹೇಳಿದರೆ ‘ದುಡ್ಡೂ ಹೋಯಿತು, ಕಾಯಿಲೆಯೂ ಹೋಗಲಿಲ್ಲ’ ಎಂಬ ಸಂಕಟ ಎಷ್ಟೋ ಜನರಿಗೆ ತಪ್ಪುತ್ತದೆ ಎಂಬುದು ನನ್ನ ನಂಬಿಕೆ.

ಸೈನಸ್ ಎಂದರೆ ರೋಗದ ಹೆಸರಲ್ಲ, ಎಲ್ಲರ ಮುಖದ ಎಲುಬಿನೊಳಗೂ ಇರುವ ಗಾಳಿ ತುಂಬಿದ ಪೊಳ್ಳುಗಳು. ಕೆನ್ನೆಯಲ್ಲಿ, ಹಣೆಯಲ್ಲಿ, ಕಣ್ಣುಗಳ ನಡುವೆ, ಮೂಗಿನ ತೀರಾ ಹಿಂದೆ ಹೀಗೆ ನಾಲ್ಕು ಜೋಡಿ. ಒಳಗೆಲ್ಲ ತೇವದ ಪದರ, ಅದರ ಮೇಲೆ ಕಣ್ಣಿಗೆ ಕಾಣದ ಸೂಕ್ಷ್ಮ ರೋಮಗಳು. ಈ ರೋಮಗಳು ಬಿಡುವಿಲ್ಲದೆ ಬೀಸುತ್ತಾ ಲೋಳೆಯನ್ನು ಒಂದೇ ದಿಕ್ಕಿಗೆ, ಆಯಾ ಸೈನಸ್ಸಿನ ಸಹಜ ಕಿಂಡಿಯ ಕಡೆಗೆ ಸಾಗಿಸುತ್ತವೆ. ಕೆನ್ನೆಯ ಸೈನಸ್‌ನಲ್ಲಿ ಆ ಕಿಂಡಿ ಇರುವುದು ಮೇಲ್ಗಡೆ. ತೂಬು ತಳದಲ್ಲಿರದೆ ಬಾಯಿಯ ಹತ್ತಿರವಿರುವ ತೊಟ್ಟಿಯ ಹಾಗೆ. ಅಲ್ಲಿ ಲೋಳೆ ತಾನಾಗಿ ಹರಿದು ಹೋಗುವಂತಿಲ್ಲ, ರೋಮಗಳು ಅದನ್ನು ಹತ್ತಿಸಿಯೇ ಹೊರಹಾಕಬೇಕು. ಕಿಂಡಿಯ ಅಗಲವೋ ಕೆಲವೇ ಮಿಲಿಮೀಟರ್. ನೆಗಡಿಯಿಂದಲೋ ಅಲರ್ಜಿಯಿಂದಲೋ ಅಲ್ಲಿನ ಪದರ ಊದಿಕೊಂಡರೆ ಸಾಕು, ದಾರಿ ಮುಚ್ಚುತ್ತದೆ, ಒಳಗಿನದು ಒಳಗೇ ನಿಂತು ಕೆಡುತ್ತದೆ.

ಈ ಸಂಗತಿ ವೈದ್ಯರಿಗೆ ಮನದಟ್ಟಾಗಲು ಬಹಳ ಕಾಲ ಹಿಡಿಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಕಾಲ್ಡ್‌ವೆಲ್ ಮತ್ತು ಫ್ರಾನ್ಸಿನ ಲ್ಯೂಕ್ ರೂಪಿಸಿದ ವಿಧಾನದಲ್ಲಿ ಮೇಲ್ದುಟಿಯ ಒಳಗೆ ಕೊಯ್ದು, ಕೆನ್ನೆಯ ಎಲುಬು ಒಡೆದು, ಸೈನಸ್ಸಿನ ಪದರವನ್ನೇ ಕೆರೆದು ತೆಗೆಯುತ್ತಿದ್ದರು. ಕೀವು ಇಳಿಯಲೆಂದು ಕೆಳಗಡೆ ಹೊಸ ರಂಧ್ರವನ್ನೂ ಕೊರೆಯುತ್ತಿದ್ದರು. ನಮ್ಮ ಹಿರಿಯರು ಕೆನ್ನೆ ಊದಿಸಿಕೊಂಡು ಮರಗಟ್ಟಿದ ತುಟಿಯ ಕಥೆ ಹೇಳುತ್ತಿದ್ದುದು ಆ ಕಾಲದ ಆಪರೇಷನ್‌ನದು. ಆಸ್ಟ್ರಿಯಾದ ಗ್ರಾಜ್ ನಗರದ ವಾಲ್ಟರ್ ಮೆಸ್ಸರ್‌ಕ್ಲಿಂಗರ್ ಲೋಳೆಯ ಚಲನೆಯನ್ನು ತಾಳ್ಮೆಯಿಂದ ಗಮನಿಸಿ ತೋರಿಸಿದ್ದು ಬೇರೆಯದನ್ನೇ: ಕೆಳಗೆ ಎಷ್ಟು ದೊಡ್ಡ ತೂತು ಕೊರೆದರೂ ರೋಮಗಳು ಲೋಳೆಯನ್ನು ಅದರ ಪಕ್ಕದಲ್ಲೇ ಹಾಯಿಸಿ ಮೇಲಿನ ಹಳೆಯ ಕಿಂಡಿಗೇ ಒಯ್ಯುತ್ತವೆ. ಅಂದ ಮೇಲೆ ಪದರವನ್ನು ಉಳಿಸಿಕೊಂಡು ಸಹಜ ಕಿಂಡಿಯನ್ನೇ ಬಿಡಿಸಬೇಕು. ಮೂಗಿನ ಎಂಡೋಸ್ಕೋಪಿ ಕುರಿತ ಅವರ ಪುಸ್ತಕ ಇಂಗ್ಲಿಷಿನಲ್ಲಿ ಬಂದದ್ದು 1978ರಲ್ಲಿ. ಅವರ ಶಿಷ್ಯ ಹೈಂಜ್ ಸ್ಟಾಂಬರ್ಗರ್ ಮತ್ತು ಅಮೆರಿಕದ ಡೇವಿಡ್ ಕೆನಡಿ ಈ ವಿಧಾನವನ್ನು ಲೋಕಕ್ಕೆಲ್ಲ ಕಲಿಸಿದರು. ಇಂದು ಆಸ್ಪತ್ರೆಯ ಬಿಲ್ಲಿನಲ್ಲಿ ‘ಫೆಸ್’ ಎಂದು ಕಾಣುವುದು 1985ರ ಹೊತ್ತಿಗೆ ಕೆನಡಿ ಬಳಕೆಗೆ ತಂದ ಹೆಸರಿನ ಗಿಡ್ಡ ರೂಪ.

ಹಾಗಾದರೆ ಈ ಆಪರೇಷನ್ ಯಾರಿಗೆ ಬೇಕು? ವರ್ಷಕ್ಕೆರಡು ಸಲ ನೆಗಡಿಯಾಗಿ ವಾರ ಹತ್ತು ದಿನದಲ್ಲಿ ವಾಸಿಯಾಗುವವರಿಗೆ ಬೇಡ. ಮೂಗು ಕಟ್ಟುವುದು, ದಪ್ಪ ಸಿಂಬಳ, ಗಂಟಲಿಗಿಳಿಯುವ ಕಫ, ಮುಖದ ಭಾರ, ವಾಸನೆ ತಿಳಿಯದಿರುವುದು, ಇವು 12 ವಾರ ದಾಟಿ ಉಳಿದರೆ ಅದನ್ನು ದೀರ್ಘಕಾಲದ ಸೈನಸೈಟಿಸ್ ಎನ್ನುತ್ತಾರೆ. ಅದಕ್ಕೂ ಮೊದಲ ಚಿಕಿತ್ಸೆ ಉಪ್ಪುನೀರಿನ ತೊಳೆತ ಮತ್ತು ಮೂಗಿನ ಸ್ಟೀರಾಯ್ಡ್ ಸ್ಪ್ರೇ. ಕೆಲವು ವಾರ ಶ್ರದ್ಧೆಯಿಂದ ಮಾಡಿಯೂ ಗುಣ ಕಾಣದಿದ್ದಾಗ, ಸಿ.ಟಿ. ಸ್ಕ್ಯಾನ್‌ನಲ್ಲೂ ರೋಗ ಕಂಡಾಗ ಆಪರೇಷನ್ ಮಾತು ಬರಬೇಕು. ಮೂಗಿನೊಳಗೆ ದ್ರಾಕ್ಷಿಯಂತೆ ಬೆಳೆಯುವ ಪಾಲಿಪ್, ಅಂದರೆ ಜನ ‘ದುರ್ಮಾಂಸ’ ಎನ್ನುವುದು, ಬಿಸಿ ನಾಡುಗಳಲ್ಲಿ ಹೆಚ್ಚಾಗಿ ಕಾಣುವ ಅಲರ್ಜಿಕ್ ಫಂಗಸ್, ಒಂದೇ ಸೈನಸ್ಸಿನಲ್ಲಿ ಕಟ್ಟಿಕೊಂಡ ಫಂಗಸ್ ಉಂಡೆ, ಇಂಥವಕ್ಕೆ ಆಪರೇಷನ್‌ನ ಪ್ರಯೋಜನ ದೊಡ್ಡದು. 2021ರಲ್ಲಿ ಕೋವಿಡ್ ಬೆನ್ನಿಗೇ ಬಂದ ಕಪ್ಪು ಶಿಲೀಂಧ್ರದ ಸಂಗತಿ ಬೇರೆ. ಅಲ್ಲಿ ಕೊಳೆತ ಭಾಗವನ್ನು ಕೂಡಲೇ ತೆಗೆಯುವುದು ಜೀವ ಉಳಿಸುವ ಪ್ರಶ್ನೆಯಾಗಿತ್ತು.

ಒಂದು ಎಚ್ಚರಿಕೆಯನ್ನು ಇಲ್ಲಿ ಒತ್ತಿ ಹೇಳಬೇಕು. ತಲೆನೋವೊಂದೇ ತೊಂದರೆಯಾಗಿದ್ದರೆ ಅದು ಸೈನಸ್ ಅಲ್ಲದಿರುವ ಸಾಧ್ಯತೆಯೇ ಹೆಚ್ಚು. ತಮ್ಮದು ‘ಸೈನಸ್ ತಲೆನೋವು’ ಎಂದುಕೊಂಡಿದ್ದ ಸುಮಾರು ಮೂರು ಸಾವಿರ ಜನರನ್ನು ಪರೀಕ್ಷಿಸಿದ ಅಮೆರಿಕದ ಒಂದು ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಅವರಲ್ಲಿ ನೂರಕ್ಕೆ 88 ಮಂದಿಯ ಲಕ್ಷಣಗಳು ಮೈಗ್ರೇನಿನವು. ಮೈಗ್ರೇನಿನಲ್ಲೂ ಮೂಗು ಕಟ್ಟಬಹುದು, ಕಣ್ಣಲ್ಲಿ ನೀರು ಬರಬಹುದು. ಮೂಗಿನ ಲಕ್ಷಣವೂ ಇಲ್ಲ, ಸ್ಕ್ಯಾನ್ ಕೂಡ ತಿಳಿಯಾಗಿದೆ ಎಂದಾದರೆ ತಲೆನೋವಿಗೆಂದು ಸೈನಸ್ ಆಪರೇಷನ್‌ಗೆ ಒಪ್ಪಬೇಡಿ. ಹಾಗೆಯೇ ಒಂದೇ ಕಡೆಯ ಕೆನ್ನೆಯಲ್ಲಿ ನೋವು, ಮೂಗಿನಿಂದ ದುರ್ವಾಸನೆಯ ಕೀವು ಬರುತ್ತಿದ್ದರೆ ಮೇಲಿನ ದವಡೆ ಹಲ್ಲನ್ನೂ ತೋರಿಸಬೇಕು. ಆ ಹಲ್ಲುಗಳ ಬೇರು ಕೆನ್ನೆಯ ಸೈನಸ್‌ಗೆ ಅಂಟಿಕೊಂಡೇ ಇರುತ್ತದೆ. ಹಲ್ಲು ಸರಿಯಾಗದೆ ಸೈನಸ್ ಸರಿಯಾಗದು.

ಸಿದ್ಧತೆಯಲ್ಲಿ ಮುಖ್ಯವಾದದ್ದು ಆ ಸಿ.ಟಿ. ಸ್ಕ್ಯಾನ್. ಶಸ್ತ್ರವೈದ್ಯರಿಗೆ ಅದೇ ನಕ್ಷೆ. ಕಣ್ಣಿನ ಗೂಡು ಮತ್ತು ಸೈನಸ್ ನಡುವೆ ಇರುವ ಎಲುಬು ಕಾಗದದಷ್ಟು ತೆಳು, ಮೇಲ್ಗಡೆ ಮಿದುಳಿನ ತಳದ ಎಲುಬೂ ಕೆಲವೆಡೆ ಅಷ್ಟೇ ತೆಳು. ಯಾರ ಮುಖದಲ್ಲಿ ಅದು ಎಲ್ಲಿ ತಗ್ಗು, ಎಲ್ಲಿ ಸೊಟ್ಟ ಎಂಬುದನ್ನು ಮೊದಲೇ ನೋಡಿಟ್ಟುಕೊಳ್ಳುತ್ತಾರೆ. ಸ್ಕ್ಯಾನ್ ಚಿತ್ರವನ್ನು ನಿಮ್ಮ ಮುಂದಿಟ್ಟು ಯಾವ ಸೈನಸ್ ತೆರೆಯುತ್ತೇವೆ, ಯಾಕೆ ಎಂದು ತೋರಿಸಿ ಎಂದು ಕೇಳಲು ಸಂಕೋಚ ಬೇಡ. ಐದು ನಿಮಿಷ ಕೊಟ್ಟು ವಿವರಿಸುವ ವೈದ್ಯರನ್ನು ನಾನಂತೂ ಹೆಚ್ಚು ನಂಬುತ್ತೇನೆ.

ನೀವು ತೆಗೆದುಕೊಳ್ಳುವ ಪ್ರತಿಯೊಂದು ಮಾತ್ರೆಯನ್ನೂ ಹೇಳಿ. ಆಸ್ಪಿರಿನ್, ಕ್ಲೊಪಿಡೋಗ್ರೆಲ್‌ನಂಥ ರಕ್ತ ತೆಳು ಮಾಡುವ ಮದ್ದು, ಮೀನೆಣ್ಣೆ, ಬೆಳ್ಳುಳ್ಳಿ ಕ್ಯಾಪ್ಸೂಲ್, ಕಷಾಯ, ಲೇಹ್ಯ ಯಾವುದನ್ನೂ ಹೇಳದೆ ಬಿಡಬೇಡಿ. ಕೆಲವನ್ನು ಮುಂಚೆಯೇ ನಿಲ್ಲಿಸಬೇಕಾಗಬಹುದು. ಆದರೆ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ರಕ್ತ ತೆಳು ಮಾಡುವ ಮಾತ್ರೆಯನ್ನು ತಾವೇ ನಿಲ್ಲಿಸಿಬಿಡಬಾರದು, ಹೃದಯ ವೈದ್ಯರನ್ನು ಕೇಳಿಯೇ ನಿಲ್ಲಿಸಬೇಕು. ಅಸ್ತಮಾ ಇದ್ದರೆ, ನೋವಿನ ಮಾತ್ರೆ ನುಂಗಿ ಉಬ್ಬಸ ಬಂದದ್ದಿದ್ದರೆ ಅದನ್ನು ಖಂಡಿತ ತಿಳಿಸಿ. ಪಾಲಿಪ್, ಅಸ್ತಮಾ ಮತ್ತು ಆಸ್ಪಿರಿನ್ ಒಗ್ಗದಿರುವುದು ಒಟ್ಟಿಗೇ ಬರುವ ಒಂದು ಕಾಯಿಲೆಯೇ ಇದೆ. ಸಕ್ಕರೆ, ಬಿ.ಪಿ. ಹಿಡಿತಕ್ಕೆ ಬಂದಿರಬೇಕು. ಸಿಗರೇಟು ಬಿಡಲೇಬೇಕು, ಹೊಗೆ ಲೋಳೆ ಸಾಗಿಸುವ ರೋಮಗಳನ್ನು ನಿಸ್ತೇಜಗೊಳಿಸುತ್ತದೆ. ವಿಮೆಯನ್ನು ನೆಚ್ಚಿದವರು ಪಾಲಿಸಿಯನ್ನು ಒಮ್ಮೆ ಓದಿಕೊಳ್ಳಿ. ಅನೇಕ ಪಾಲಿಸಿಗಳು ಸೈನಸ್ ಆಪರೇಷನ್‌ಗೆ ಎರಡು ವರ್ಷದ ಕಾಯುವ ಅವಧಿ ಇಟ್ಟಿರುತ್ತವೆ.

ಆಪರೇಷನ್ ನಡೆಯುವುದು ಸಾಮಾನ್ಯವಾಗಿ ಪೂರ್ಣ ಅರಿವಳಿಕೆಯಲ್ಲಿ. ಆರು ಗಂಟೆ ಮೊದಲಿನಿಂದ ಊಟ ತಿಂಡಿ ಇಲ್ಲ. ಮುಖದ ಮೇಲೆ ಗಾಯ ಮಾಡುವುದಿಲ್ಲ, ಎಲ್ಲವೂ ಮೂಗಿನ ಹೊಳ್ಳೆಯ ಮೂಲಕವೇ. 4 ಮಿಲಿಮೀಟರ್ ದಪ್ಪದ ಎಂಡೋಸ್ಕೋಪ್ ಒಳಗಿನದನ್ನು ಪರದೆಯ ಮೇಲೆ ದೊಡ್ಡದಾಗಿ ತೋರಿಸುತ್ತದೆ. ಮೂಲೆಗಳಲ್ಲಿ ಇಣುಕಲು ಓರೆ ನೋಟದ ಸ್ಕೋಪ್‌ಗಳೂ ಇವೆ. ಕಿಂಡಿಗೆ ಅಡ್ಡವಾದ ತೆಳು ಎಲುಬನ್ನು ತೆಗೆದು, ಪಾಲಿಪನ್ನು ಕತ್ತರಿಸುತ್ತಲೇ ಹೀರಿಕೊಳ್ಳುವ ಉಪಕರಣದಿಂದ ಬಿಡಿಸಿ, ಆರೋಗ್ಯವಾದ ಪದರವನ್ನು ಮುಟ್ಟದೆ ಬಿಡುವುದರಲ್ಲಿದೆ ಕೈಚಳಕ. ಮೂಗಿನ ನಡುಗೋಡೆ ಸೊಟ್ಟಗಿದ್ದರೆ ಅದನ್ನೂ ಆಗಲೇ ನೇರ ಮಾಡುತ್ತಾರೆ. ಒಂದರಿಂದ ಮೂರು ಗಂಟೆಯ ಕೆಲಸ.

ಅಪಾಯ ಇಲ್ಲವೇ ಎಂದರೆ, ಇದೆ. ರಕ್ತಸ್ರಾವ, ಕಣ್ಣಿಗೆ ಪೆಟ್ಟು, ಮಿದುಳಿನ ಸುತ್ತಲಿನ ದ್ರವ ಸೋರುವುದು. ಇಂಥ ಗಂಭೀರ ತೊಡಕುಗಳು ಅನುಭವಿಗಳ ಕೈಯಲ್ಲಿ ಅಪರೂಪ, ಆದರೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಇವನ್ನು ನಿಮ್ಮ ಭಾಷೆಯಲ್ಲಿ ಕೇಳಿ ತಿಳಿಯುವುದು ನಿಮ್ಮ ಹಕ್ಕು.

ಎಚ್ಚರವಾದಾಗ ಮುಖ ಭಾರ, ಮೂಗು ಪೂರ್ತಿ ಬಂದ್. ನೋವಿಗಿಂತ ಹೆಚ್ಚಾಗಿ ಕಾಡುವುದು ಬಾಯಿಯಿಂದಲೇ ಉಸಿರಾಡಬೇಕಾದ ಹಿಂಸೆ, ಒಣಗಿದ ಗಂಟಲು. ರಕ್ತ ತಡೆಯಲು ಮೂಗಿಗೆ ಪ್ಯಾಕ್ ತುಂಬಿದ್ದರೆ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ತೆಗೆಯುತ್ತಾರೆ, ತಾನೇ ಕರಗುವ ಬಗೆಯವೂ ಇವೆ. ಕೆಲವು ದಿನ ಕೆಂಪು ಬೆರೆತ ನೀರು ಇಳಿಯುತ್ತದೆ, ಗಾಬರಿ ಬೇಡ. ಎರಡು ದಿಂಬಿಟ್ಟು ತಲೆ ಎತ್ತರಿಸಿ ಮಲಗಿ. ಮೊದಲ ಒಂದೆರಡು ವಾರ ಸೀನು ಬಂದರೆ ಬಾಯಿ ತೆರೆದು ಸೀನಿ, ಮೂಗನ್ನು ಒತ್ತಿ ಸೀಟಬೇಡಿ, ಬಗ್ಗಿ ಭಾರ ಎತ್ತಬೇಡಿ. ಕೆಲಸಕ್ಕೆ ವಾರದಲ್ಲಿ ಮರಳುವವರೇ ಹೆಚ್ಚು. ವಿಮಾನ ಹತ್ತುವ ಮೊದಲು ವೈದ್ಯರನ್ನು ಕೇಳಿ.

ಇನ್ನು ಮೂಗು ತೊಳೆಯುವ ಕೆಲಸ. ಡಿಸ್ಚಾರ್ಜ್ ಚೀಟಿಯಲ್ಲಿ ಇದು ಇಂಗ್ಲಿಷಿನ ಒಂದು ಸಾಲಿನಲ್ಲಿ ಮುಗಿದಿರುತ್ತದೆ, ಅದೂ ಎಷ್ಟೋ ಸಲ ಓದಲಾಗದ ಬರಹದಲ್ಲಿ. ಚಿಕಿತ್ಸೆಯ ಅರ್ಧ ಭಾರ ಹೊತ್ತ ಸೂಚನೆಯನ್ನು ತಾಲ್ಲೂಕಿನಿಂದ ಬಂದ ರೋಗಿಗೆ ಕನ್ನಡದಲ್ಲಿ ಬರೆದುಕೊಡದಿರುವುದು ನನಗೆ ಒಪ್ಪಲಾಗದ ಸಂಗತಿ. ವಿಧಾನ ಸರಳ. ಚೆನ್ನಾಗಿ ಕುದಿಸಿ ಉಗುರುಬೆಚ್ಚಗೆ ಆರಿಸಿದ ಒಂದು ಲೀಟರ್ ನೀರಿಗೆ ಸುಮಾರು 9 ಗ್ರಾಂ ಉಪ್ಪು, ಅಂದರೆ ಒಂದೂವರೆ ಟೀ ಚಮಚ. ಅಥವಾ ಮೆಡಿಕಲ್ ಶಾಪಿನ ಸಿದ್ಧ ಪುಡಿ. ಮೆದು ಬಾಟಲಿಯಲ್ಲಿ ತುಂಬಿ, ಬೇಸಿನ್ ಮೇಲೆ ಬಾಗಿ, ಬಾಯಿ ತೆರೆದು ‘ಆ’ ಎನ್ನುತ್ತಾ ಒಂದು ಹೊಳ್ಳೆಗೆ ನಿಧಾನವಾಗಿ ಹಿಂಡಿ. ನೀರು ಇನ್ನೊಂದು ಹೊಳ್ಳೆಯಿಂದ ಇಳಿಯುತ್ತದೆ, ಜೊತೆಗೆ ಕಂದು ಹೆಪ್ಪು, ಹಕ್ಕಳೆ, ಅಂಟಿನಂಥ ಲೋಳೆ. ಜಲನೇತಿ ಬಲ್ಲವರಿಗೆ ಇದು ಹೊಸತಲ್ಲ. ನಲ್ಲಿ ಅಥವಾ ಬಾವಿಯ ನೀರನ್ನು ಕುದಿಸದೆ ಎಂದಿಗೂ ಬಳಸಬಾರದು; ಕೇರಳದಲ್ಲಿ ಇತ್ತೀಚೆಗೆ ಸುದ್ದಿಯಾದ ಮಿದುಳಿನ ಅಮೀಬಾ ಸೋಂಕು ಮೂಗಿನ ದಾರಿಯಿಂದಲೇ ಒಳಹೋಗುತ್ತದೆ.

ಆಪರೇಷನ್‌ಗೆ ಮುಂಚೆ ಈ ನೀರು ಮೂಗನ್ನು ತೊಳೆಯುತ್ತಿತ್ತೇ ಹೊರತು ಸೈನಸ್ಸಿನೊಳಗೆ ಅಷ್ಟಾಗಿ ಹೋಗುತ್ತಿರಲಿಲ್ಲ. ಈಗ ಹೋಗುತ್ತದೆ, ವೈದ್ಯರು ಹೇಳಿದ್ದರೆ ಅದರಲ್ಲಿ ಬೆರೆಸಿದ ಔಷಧವೂ ಹೋಗುತ್ತದೆ. ಅದಕ್ಕೇ ತೊಳೆದು ಗಂಟೆ ಕಳೆದ ಮೇಲೆ ಚಪ್ಪಲಿ ಹಾಕಿಕೊಳ್ಳಲು ಬಗ್ಗಿದಾಗ ಫಕ್ಕನೆ ಒಂದಿಷ್ಟು ನೀರು ಸುರಿದರೆ ಅದು ಕೆನ್ನೆಯ ಸೈನಸ್ಸಿನಲ್ಲಿ ನಿಂತಿದ್ದ ಉಪ್ಪುನೀರು, ಭಯವಿಲ್ಲ. ತೊಳೆಯದಿದ್ದಾಗಲೂ ಒಂದೇ ಹೊಳ್ಳೆಯಿಂದ ತಿಳಿನೀರು ತೊಟ್ಟಿಕ್ಕುತ್ತಲೇ ಇದ್ದರೆ ಮಾತ್ರ ಅದು ಮಿದುಳಿನ ಸುತ್ತಲಿನ ದ್ರವವಿರಬಹುದು, ಅಂದೇ ವೈದ್ಯರಿಗೆ ಫೋನ್ ಮಾಡಿ. ದೃಷ್ಟಿ ಮಸುಕಾದರೆ, ಒಂದು ಎರಡಾಗಿ ಕಂಡರೆ, ಕಣ್ಣು ಊದಿದರೆ, ಜ್ವರದ ಜೊತೆ ಕುತ್ತಿಗೆ ಬಿಗಿದರೆ, ರಕ್ತ ನಿಲ್ಲದೆ ಹರಿದರೆ ಬೆಳಗಾಗುವವರೆಗೆ ಕಾಯಬೇಡಿ.

ವಾರದ ಹೊತ್ತಿಗೆ ವೈದ್ಯರು ಕರೆದು ಸ್ಕೋಪ್ ಹಾಕಿ ಒಳಗಿನ ಹಕ್ಕಳೆ ತೆಗೆಯುತ್ತಾರೆ. ಮರಗಟ್ಟಿಸುವ ಸ್ಪ್ರೇ ಹೊಡೆದರೂ ಒಂದೆರಡು ಕ್ಷಣ ಕಣ್ಣಲ್ಲಿ ನೀರು ಬರುತ್ತದೆ. ‘ಉಸಿರಾಟ ಸಲೀಸಾಗಿದೆ, ಇನ್ನೇಕೆ ಹೋಗಬೇಕು’ ಎಂದು ಈ ಭೇಟಿಗಳನ್ನು ತಪ್ಪಿಸುವವರಿದ್ದಾರೆ. ಹಸಿ ಗಾಯದ ಎರಡು ಅಂಚು ಅಂಟಿಕೊಂಡರೆ ತೆರೆದ ಕಿಂಡಿ ಮತ್ತೆ ಮುಚ್ಚುತ್ತದೆ. ಅದನ್ನು ಆ ಕ್ಷಣದಲ್ಲಿ ಬಿಡಿಸುವುದು ಸುಲಭ, ಗಟ್ಟಿಯಾದ ಮೇಲೆ ಇನ್ನೊಂದು ಆಪರೇಷನ್ ಬೇಕಾಗಬಹುದು. ಒಳಪದರ ಪೂರ್ತಿ ಮಾಯಲು ಎರಡು ಮೂರು ತಿಂಗಳು ಬೇಕು. ಸಾರಿನ ಒಗ್ಗರಣೆಯ ವಾಸನೆ ಕೆಲವರಿಗೆ ವಾರಗಳಲ್ಲಿ ಮರಳುತ್ತದೆ, ಕೆಲವರಿಗೆ ನಿಧಾನ, ಎಲ್ಲರಿಗೂ ಮರಳುತ್ತದೆಂದು ಮಾತು ಕೊಡಲಾಗದು.

ಮತ್ತೆ ಬರುವ ಪ್ರಶ್ನೆ ಹೆಚ್ಚು ಅನ್ವಯಿಸುವುದು ಪಾಲಿಪ್ ಇದ್ದವರಿಗೆ, ಅದರಲ್ಲೂ ಅಸ್ತಮಾ, ಆಸ್ಪಿರಿನ್ ತೊಂದರೆ ಅಥವಾ ಅಲರ್ಜಿಕ್ ಫಂಗಸ್ ಇದ್ದವರಿಗೆ. ಅವರಿಗಿದು ಬಿ.ಪಿ., ಸಕ್ಕರೆಯ ಹಾಗೆ ಹಿಡಿತದಲ್ಲಿಟ್ಟುಕೊಳ್ಳಬೇಕಾದ ಕಾಯಿಲೆ. ಸ್ಪ್ರೇಯನ್ನು ವರ್ಷಗಟ್ಟಲೆ ಬಳಸಬೇಕಾಗಬಹುದು. ಮೂಗಿನ ಸ್ಟೀರಾಯ್ಡ್ ಸ್ಪ್ರೇಯಿಂದ ಮೈಗೆ ಸೇರುವ ಔಷಧ ಬಹಳ ಸ್ವಲ್ಪ, ಮಾತ್ರೆಯ ಸ್ಟೀರಾಯ್ಡಿನ ಭಯವನ್ನು ಇದಕ್ಕೆ ಅಂಟಿಸಬೇಕಿಲ್ಲ. ನಿಜಕ್ಕೂ ಹೆದರಬೇಕಾದದ್ದು ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ, ಕ್ಷಣದಲ್ಲಿ ಮೂಗು ಬಿಡಿಸುವ ಹನಿಮದ್ದಿಗೆ. ನಾಲ್ಕೈದು ದಿನ ದಾಟಿ ಬಳಸಿದರೆ ಅದೇ ಮೂಗು ಕಟ್ಟಿಸುತ್ತದೆ. ಎಲ್ಲ ಮಾಡಿಯೂ ಪಾಲಿಪ್ ಮರಳುವವರಿಗೆ ಡುಪಿಲುಮ್ಯಾಬ್ ಎಂಬ ಚುಚ್ಚುಮದ್ದಿಗೆ 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ, ಆದರೆ ಬೆಲೆ ನಮ್ಮ ಮಧ್ಯಮ ವರ್ಗಕ್ಕೂ ದೂರದ ಮಾತು. ಪಾಲಿಪ್ ಮರಳುವಾಗ ಮೊದಮೊದಲು ರೋಗಿಗೆ ಏನೂ ಗೊತ್ತಾಗುವುದಿಲ್ಲ, ಸ್ಕೋಪಿಗೆ ಮಾತ್ರ ಕಾಣುತ್ತದೆ. ಆ ಹಂತದಲ್ಲಿ ಕಂಡರೆ ಔಷಧದಲ್ಲೇ ತಗ್ಗಿಸಲು ಅವಕಾಶವಿರುವುದರಿಂದ, ಚೆನ್ನಾಗಿದ್ದೇನೆ ಎನಿಸಿದಾಗಲೂ ವೈದ್ಯರು ಕೊಟ್ಟ ತಾರೀಕಿಗೆ ಹೋಗಿ ಮೂಗು ತೋರಿಸಿ ಬನ್ನಿ.