ಗಮನಿಸದ ಮಗ ಪಾಸಾಗ

ನಮ್ಮ ಕನ್ನಡ ಸಂಘದ ಶಾಸ್ತ್ರೀಯ ಸಂಗೀತ ಸಂಜೆ ಮುಂದಿನ ಶುಕ್ರವಾರ ಇದೆ. ಅದಕ್ಕೆ ಪೋಸ್ಟರ್ ಮಾಡೋ ಕೆಲಸ ಸೆಕೆಂಡ್ ಇಯರ್‌ನವರಾದ ನಮ್ಮ ತಲೆಗೆ ಬಂತು. ಸರಿಗಮಪದನಿ ಅನ್ನೋ ಏಳು ಅಕ್ಷರ ಬಿಟ್ಟು ಬೇರೇನೂ ಬಳಸದೆ ಒಂದು ಸಾಲು ಬರೆಯೋಣ ಅಂತ ಹಾಸ್ಟೆಲ್ ಕಾರಿಡಾರಿನಲ್ಲಿ ಕೂತ್ವಿ. ರಾತ್ರಿ ಹನ್ನೊಂದಕ್ಕೆ ಹುಟ್ಟಿದ್ದು ಇದು: "ಗಮನಿಸದ ಮಗ ಪಾಸಾಗ." ಬೇಕಾದ್ರೆ ಹಾಡಿ ನೋಡಿ. ಗ-ಮ-ನಿ-ಸ-ದ, ಮ-ಗ, ಪ-ಸ-ಗ. ‘ಪಾಸಾಗನು’ ಅನ್ನೋದರ ಬಾಲ ಕತ್ತರಿಸಿದ್ದೀವಿ, ಧೈವತದ ‘ಧ’ವನ್ನು ‘ದ’ ಮಾಡಿಕೊಂಡಿದ್ದೀವಿ. ಅಷ್ಟಕ್ಕೆ ಗ್ರೇಸ್ ಮಾರ್ಕ್ಸ್ ಕೊಡಿ.

ಪೋಸ್ಟರ್ ಅಂಟಿಸಿ ಅರ್ಧ ದಿನ ಆಗಿರಲಿಲ್ಲ, ಸೀನಿಯರ್ ಒಬ್ಬರು ತೆಗೆಸಿದ್ರು. "ದಾಸರು, ತ್ಯಾಗರಾಜರ ಹಾಡು ಹಾಡೋ ಕಾರ್ಯಕ್ರಮ ಕಣ್ರೋ. ಇಲ್ಲೂ ತಮಾಷೆ ಬೇಕಾ?" ಅಂದ್ರು. ಅವರ ಮೇಲೆ ನಮಗೆ ಸಿಟ್ಟಿಲ್ಲ. ತಂಬೂರಿ ಶ್ರುತಿ ಮಾಡೋದನ್ನ ನಮಗೆ ತೋರಿಸಿಕೊಟ್ಟವರೂ ಅವರೇ. ಆದರೆ ಈ ಮಾತು ಮಾತ್ರ ತಪ್ಪು ಅಂತ ನಮ್ಮ ವಾದ.

ನಾವು ಮಾಡಿದ್ದು ಹೊಸದೇನೂ ಅಲ್ಲ. ಸಾಹಿತ್ಯದ ಅಕ್ಷರವೂ ಅದನ್ನು ಹಾಡೋ ಸ್ವರವೂ ಒಂದೇ ಆಗಿ ಬಂದರೆ ಅದಕ್ಕೆ ಸ್ವರಾಕ್ಷರ ಅಂತ ಹೆಸರೇ ಇದೆ. ಹಳೆಯ ವಾಗ್ಗೇಯಕಾರರು ಬೇಕಂತಲೇ ಈ ಆಟ ಆಡ್ತಿದ್ರು. ಆಟ ಅಂತ ಬಂದರೆ ಪುರಂದರದಾಸರನ್ನು (1484–1564) ಮೀರಿಸಿದವರು ಯಾರೂ ಇಲ್ಲ. ‘ರಾಗಿ ತಂದೀರಾ’ ಕೇಳಿದ್ದೀರಲ್ಲ? ಭಿಕ್ಷೆಗೆ ರಾಗಿ ತಂದಿರಾ ಅಂತ ಶುರುವಾಗುತ್ತೆ. ಆಮೇಲೆ ಸಾಲು ಸಾಲಾಗಿ ಬರೋ ರಾಗಿ ಧಾನ್ಯ ಅಲ್ಲ. ‘ಒಳ್ಳೆಯವರಾಗಿ’ ಅನ್ನುವಾಗ ಕೊನೆಗೆ ಬರುತ್ತಲ್ಲ, ಆ ‘ರಾಗಿ’. ಬಾಗಿಲಲ್ಲಿ ನಿಂತು ಕೇಳೋದು ಕಾಳು, ಹೇಳೋದು ಬಾಳು. ಇಡೀ ಹಾಡೇ ಒಂದು ಶ್ಲೇಷೆ!

ಈಗ ನಮ್ಮ ಮರ್ಯಾದೆ ಪ್ರಶ್ನೆ. ನಾವು ಬಹುತೇಕರು ಇಂಗ್ಲಿಷ್ ಮೀಡಿಯಂ. ನಮ್ಮಲ್ಲಿ ಮೂವರು ಶಾಲೆಯ ವಾರ್ಷಿಕೋತ್ಸವಕ್ಕೆ ಇದೇ ಹಾಡನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ಉರು ಹೊಡೆದವರು. ಪಂಚೆ ಉಟ್ಟು, ನಾಮ ಹಾಕಿ, ಕೈಯಲ್ಲಿ ತಾಳ ಹಿಡಿದು ಭಕ್ತಿಯಿಂದಲೇ ಹಾಡಿದ್ರು. ಶ್ಲೇಷೆ ಮಾತ್ರ ಒಬ್ಬರಿಗೂ ಹೊಳೆದಿರಲಿಲ್ಲ. ಹೊಳೆದದ್ದು ಇಲ್ಲಿಗೆ ಬಂದ ಮೇಲೆ, ಮೆಸ್ಸಿನಲ್ಲಿ. ಮಂಡ್ಯದ ಗೆಳೆಯ ಮುದ್ದೆ ಮುರೀತಾ "ಇಂಜಿನಿಯರಾಗಿ ಏನ್ ಸಿಗುತ್ತೆ ಮಗಾ? ಕೊನೇಲಿ ನೋಡು, ರಾಗೀನೇ" ಅಂದ. ಎಲ್ಲರೂ ಬಿದ್ದು ಬಿದ್ದು ನಕ್ಕೆವು. ನಕ್ಕು ಮುಗಿದ ಮೇಲೆ ಆ ಮೂವರ ಮುಖ ಸಪ್ಪಗಾಯ್ತು. ಇಷ್ಟು ವರ್ಷ ಏನು ಹಾಡ್ತಿದ್ದೆವು ಹಾಗಾದ್ರೆ?

ಅದಕ್ಕೇ ನಾವು ಹೇಳೋದು, ಇಲ್ಲಿ ನಗು ಬಂದರೆ ಅದು ಅಗೌರವ ಅಲ್ಲ, ಭಾಷೆ ಒಳಗಿಳಿದಿದೆ ಅನ್ನೋದಕ್ಕೆ ಗುರುತು. ಶೋಪ್ಯಾಂ ಮತ್ತು ಲಿಸ್ಟ್ ಇಬ್ಬರನ್ನೂ ಜೋಡಿಸಿ ‘ಶಾಪಿಂಗ್ ಲಿಸ್ಟ್’ ಮಾಡೋ ಮೀಮನ್ನು, ಬಾಖ್ ಹೆಸರಲ್ಲಿ ‘ಬ್ಯಾಕ್‌ಲಾಗ್’ ಮಾಡೋದನ್ನು ನಾವು ಅರೆಕ್ಷಣದಲ್ಲಿ ಹಿಡೀತೀವಿ. ಆ ಇಬ್ಬರ ಒಂದು ಟ್ಯೂನೂ ಸರಿಯಾಗಿ ಗೊತ್ತಿರಲ್ಲ, ಆದ್ರೂ ಹಿಡೀತೀವಿ. ನಮ್ಮ ದಾಸರ ಜೋಕಿಗೆ ಮಾತ್ರ ಹತ್ತು ವರ್ಷ ತಡ.

ಮುತ್ತುಸ್ವಾಮಿ ದೀಕ್ಷಿತರನ್ನೇ ತಗೊಳ್ಳಿ. 1835ರಲ್ಲಿ ತೀರಿಕೊಂಡವರು, ತ್ರಿಮೂರ್ತಿಗಳಲ್ಲಿ ಅತಿ ಗಂಭೀರ ಅಂತ ಹೆಸರು. ರಾಗದ ಹೆಸರನ್ನೇ ಸಾಹಿತ್ಯದೊಳಗೆ ಅರ್ಥ ಕೆಡದಂತೆ ಬಚ್ಚಿಡೋದು ಅವರ ಅಭ್ಯಾಸ. ಈಸ್ಟ್ ಇಂಡಿಯಾ ಕಂಪನಿಯ ಬ್ಯಾಂಡಿನ ಟ್ಯೂನುಗಳಿಗೆ ಸಂಸ್ಕೃತ ಸಾಹಿತ್ಯ ಕೂರಿಸಿದವರೂ ಅವರೇ. ಅವಕ್ಕೆ ಹೆಸರೇ ನೋಟ್ಟುಸ್ವರ, ಅಂದ್ರೆ ಇಂಗ್ಲಿಷಿನ ‘ನೋಟ್’ ಪಕ್ಕ ನಮ್ಮ ‘ಸ್ವರ’! ನಮ್ಮ ದೊರೆಯನ್ನು ಕಾಪಾಡು ದೇವರೇ ಅಂತ ಬ್ರಿಟಿಷರು ಹಾಡೋ ರಾಷ್ಟ್ರಗೀತೆಯ ಟ್ಯೂನ್ ಇದೆಯಲ್ಲ, ಅದಕ್ಕೆ ದೀಕ್ಷಿತರು ಹಾಕಿದ್ದು ‘ಸಂತತಂ ಪಾಹಿಮಾಂ’. ಅರ್ಥ, ಸದಾ ನನ್ನನ್ನು ಕಾಪಾಡು. ದೊರೆಗೆ ಅಂತ ಇದ್ದ ಅರ್ಜಿಯಲ್ಲಿ ತಮ್ಮ ಹೆಸರು ಬರೆದು ದೇವಿಗೆ ಕೊಟ್ಟುಬಿಟ್ಟಿದ್ದಾರೆ. ಬೇಕಂತಲೇ ಮಾಡಿದ್ರೋ ಏನೋ, ನಮಗಂತೂ ನಗು ತಡೆಯೋಕಾಗಲ್ಲ.

ಇನ್ನು ಕಟಪಯಾದಿ. ಇದನ್ನು ನಮ್ಮ ಬ್ರಾಂಚಿನ ಸಿಲಬಸ್‌ಗೆ ಯಾಕೆ ಹಾಕಿಲ್ಲವೋ! ಒಂದೊಂದು ವ್ಯಂಜನಕ್ಕೂ ಒಂದು ಅಂಕಿ. ರಾಗದ ಹೆಸರಿನ ಮೊದಲೆರಡು ಅಕ್ಷರದ ಅಂಕಿ ಬರೆದು ತಿರುಗಿಸಿದರೆ 72 ಮೇಳಕರ್ತಗಳಲ್ಲಿ ಅದರ ನಂಬರು ಸಿಗುತ್ತೆ. ನಂಬರು ಕೂಡಿಬರಲಿ ಅಂತಲೇ ಕಲ್ಯಾಣಿಯ ಮುಂದೆ ‘ಮೇಚ’ ಅಂತ ಸೇರಿಸಿದ್ರು. ಮ ಅಂದ್ರೆ 5, ಚ ಅಂದ್ರೆ 6, ತಿರುಗಿಸಿ, 65. ಶಂಕರಾಭರಣ ಹೀಗೇ ‘ಧೀರ’ ಆಗಿ 29 ಆಯ್ತು. ಹ್ಯಾಶ್ ಫಂಕ್ಷನ್ ಅಲ್ಲದೆ ಇನ್ನೇನಿದು?

ನಾವು ಸುಮ್ಮನಿರ್ತೀವಾ? ‘ಮಗ’ ಅನ್ನೋದನ್ನ ಹಾಕಿ ನೋಡಿದ್ವಿ. ಮ 5, ಗ 3. ತಿರುಗಿಸಿದ್ರೆ 35. ನಾವು ಎಸ್‌ಎಸ್‌ಎಲ್‌ಸಿ ಬರೆದಾಗಿನ ಪಾಸ್ ಮಾರ್ಕು! 35ನೇ ಮೇಳಕರ್ತ ಯಾವುದು ಅಂತ ಹುಡುಕಿದ್ರೆ ಶೂಲಿನಿ. ಪರೀಕ್ಷೆ ಅನ್ನೋ ಶೂಲ ಅಲ್ಲೂ ಬಿಡಲಿಲ್ಲ. ಆ ರಾತ್ರಿ ನಮ್ಮಲ್ಲಿ ನಾಲ್ವರು ಜೀವನದಲ್ಲಿ ಮೊದಲ ಸಲ ಶೂಲಿನಿ ರಾಗ ಹುಡುಕಿ ಕೇಳಿದ್ವಿ, ಕೇಳಿ ಮಲಗಿದಾಗ ಎರಡು ಗಂಟೆ. ಕೇಳಿಸಿದ್ದು ಭಾಷಣ ಅಲ್ಲ, ಒಂದು ಪೋಲಿ ಲೆಕ್ಕ.

ಸೀನಿಯರ್ ಹೆದರೋದರಲ್ಲೂ ಸತ್ಯ ಇದೆ. ಗಾಯಕರು ಕೈ ಆಡಿಸೋದನ್ನ, ಮುಖ ಕಿವುಚೋದನ್ನ ಅಣಕಿಸೋ ರೀಲ್ಸ್ ನಮಗೂ ಇಷ್ಟವಾಗಲ್ಲ. ಅದಕ್ಕೆ ಏನೂ ಗೊತ್ತಿರಬೇಕಿಲ್ಲ, ಫೋನ್ ಒಂದಿದ್ರೆ ಸಾಕು. ಆದರೆ ಹೋದ ವರ್ಷದ ಸಂಜೆ ನೆನಪಿದೆಯಾ? ಕೂತಿದ್ದವರಿಗಿಂತ ಕುರ್ಚಿಗಳೇ ಜಾಸ್ತಿ. ವೀಣೆ ನುಡಿಸಿದ ಹುಡುಗಿ ಖಾಲಿ ಕುರ್ಚಿಗಳಿಗೇ ನಮಸ್ಕಾರ ಮಾಡಿ ಇಳಿದು ಹೋದಳು. ಅವಳ ಮುಂದೆ ಕೂರದೆ ಕ್ಯಾಂಟೀನಿನಲ್ಲಿದ್ದ ಫಸ್ಟ್ ಇಯರ್ ಹುಡುಗರು ನಾವೇ. ಅಗೌರವ ಯಾವುದು, ನೀವೇ ಹೇಳಿ.

ಈ ಸಲ ಪ್ರತಿ ಹಾಡಿಗೂ ಮುಂಚೆ ಎರಡು ನಿಮಿಷ ಕೊಡಿ, ಸಾಹಿತ್ಯದಲ್ಲಿ ಅಡಗಿರೋ ಆಟವನ್ನು ನಾವು ಬಿಡಿಸಿ ಹೇಳ್ತೀವಿ ಅಂತ ಕೇಳಿದ್ದೀವಿ. ಪೋಸ್ಟರನ್ನೂ ವಾಪಸ್ ಕೇಳಿದ್ದೀವಿ. ಸೀನಿಯರ್ "ನೋಡೋಣ" ಅಂತ ರಾಗ ಎಳೀತಿದ್ದಾರೆ. ಯಾವ ಮೇಳಕರ್ತದ್ದು ಅಂತ ಇನ್ನೂ ಗೊತ್ತಾಗಿಲ್ಲ. ಏನೇ ಆಗಲಿ, ಶುಕ್ರವಾರ ಸಂಜೆ ಐದೂವರೆಗೆ ಎಲ್ಲರೂ ಹಾಜರಾಗಿ.